ಒತ್ತಿಗೆ ಜಾಗ ಬಿಟ್ಟ ನಾಮಫಲಕ

ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಅಂಗಡಿಗಳ ನಾಮಫಲಕ ಮತ್ತು ಲೋಗೊ ವಿನ್ಯಾಸ ಮಾಡುತ್ತಿರುವ ನಾನು, ಬಹುಕಾಲ ಇಂಗ್ಲಿಷ್ ಅಕ್ಷರಗಳನ್ನು ಮೊದಲು ಕೂರಿಸಿ, ಉಳಿದ ಜಾಗದಲ್ಲಿ ಕನ್ನಡವನ್ನು ತುರುಕುತ್ತಿದ್ದೆ. 'ಸ್ವಲ್ಪ ಕ್ಲಾಸ್ ಆಗಿ ಕಾಣಲಿ' ಎಂದು ಗಿರಾಕಿಗಳು ಹೇಳುವಾಗ ಅವರ ಮನಸ್ಸಿನಲ್ಲಿದ್ದುದು ಬಣ್ಣವಾಗಲಿ ಗೆರೆಯಾಗಲಿ ಅಲ್ಲ, ಅಂಗಡಿಯೊಳಗೆ ಯಾರು ಅಳುಕಿಲ್ಲದೆ ಕಾಲಿಡಬೇಕು, ಯಾರು ಗಾಜಿನ ಹೊರಗಿನಿಂದಲೇ ನೋಡಿ ಮುಂದೆ ಹೋಗಬೇಕು ಎಂಬ ಲೆಕ್ಕಾಚಾರ ಎಂದು ನನಗೆ ಅರ್ಥವಾದದ್ದು ತಡವಾಗಿ. 2017ರಲ್ಲಿ ನಮ್ಮ ಮೆಟ್ರೊ ಫಲಕಗಳ ಹಿಂದಿಯ ಬಗ್ಗೆ ಚಳವಳಿ ನಡೆದಾಗಲೂ ಅದನ್ನು ರಾಜಕಾರಣವೆಂದೇ ತಿಳಿದಿದ್ದೆ, ನನ್ನ ಕಸುಬಿನ ಪ್ರಶ್ನೆಯೆಂದು ತಿಳಿದಿರಲಿಲ್ಲ.

ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು ಎಂಬ ಕಾನೂನು 2024ರಲ್ಲಿ ಬಂದ ಮೇಲೆ, ಜಯನಗರದ ಬಟ್ಟೆ ಅಂಗಡಿಯೊಂದರ ಮಾಲೀಕರು ಹಳೆಯ ಫಲಕವನ್ನು ಬದಲಿಸಲು ಕರೆದರು. ಅಂಗಡಿಯ ಹೆಸರಿನಲ್ಲಿ 'ವಸ್ತ್ರ' ಎಂಬ ಪದವಿತ್ತು. ಇಂಗ್ಲಿಷಿನ ದೊಡ್ಡ ಅಕ್ಷರಗಳು ಎರಡು ಗೆರೆಗಳ ನಡುವೆ ನಿಂತುಬಿಡುತ್ತವೆ, 'ಸ್ತ್ರ' ಹಾಗಲ್ಲ. ಸಕಾರದ ಕೆಳಗೆ ತಕಾರದ ಒತ್ತು, ಅದರ ಮಗ್ಗುಲಿಗೆ ರಕಾರದ ಒತ್ತು ಬರುವುದರಿಂದ, ಅಕ್ಷರದ ಮೈಗೆ ಬೇಕಾದಷ್ಟೇ ಮುತುವರ್ಜಿಯಿಂದ ಕೆಳಗೂ ಜಾಗ ಬಿಡಬೇಕು. ಎರಡೂ ಲಿಪಿಗಳಿಗೆ ಒಂದೇ ಎತ್ತರದ ಪಟ್ಟಿ ಕೊಟ್ಟಾಗ ಕನ್ನಡ ತಾನಾಗಿಯೇ ಕುಗ್ಗುತ್ತದೆ, ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ದೂರದಿಂದ ಕಪ್ಪು ಚುಕ್ಕೆಯಂತೆ ಕಾಣುತ್ತವೆ, ಆಮೇಲೆ ನಾವೇ 'ಕನ್ನಡ ಅಕ್ಷರ ಆಧುನಿಕವಾಗಿ ಕಾಣುವುದಿಲ್ಲ' ಎಂದು ತೀರ್ಪು ಕೊಡುತ್ತೇವೆ. ಇದು ಅನ್ಯಾಯ ಎಂದು ನಾನು ನಂಬಿದ್ದೇನೆ.

ಫಲಕಕ್ಕೆ ಕುಂಚದಲ್ಲಿ ಬರೆಯುತ್ತಿದ್ದ ಹಿರಿಯ ಕಲಾವಿದರೊಬ್ಬರು, ಸುಣ್ಣದ ದಾರದಿಂದ ಮೂರು ಗೆರೆ ಹೊಡೆದು, ಮೂರನೆಯದು ಒತ್ತಿಗೆ ಎನ್ನುತ್ತಿದ್ದರು. ಈ ಸಲ ನಾನೂ ಅಲ್ಲಿಂದಲೇ ಆರಂಭಿಸಿದೆ. ತಲೆಕಟ್ಟು ಕತ್ತರಿಸದೆ, 'ಸ್ತ್ರ'ದ ಆಳವನ್ನೇ ಅಳತೆಗೋಲಾಗಿಟ್ಟುಕೊಂಡು ಕನ್ನಡದ ಸಾಲನ್ನು ಬರೆದೆ. ಅದರ ಗೆರೆಯ ದಪ್ಪಕ್ಕೆ ಹೊಂದುವ ಇಂಗ್ಲಿಷ್ ಅಕ್ಷರವನ್ನು ಆಮೇಲೆ ಹುಡುಕಿದೆ. 'ಕಾನೂನಿಗೆ ಎಷ್ಟು ಬೇಕೋ ಅಷ್ಟು ಸಾಕು' ಎಂದಿದ್ದ ಮಾಲೀಕರು, ಕಾಗದದ ಮೇಲಿನ ಪೂರ್ಣ ಅಳತೆಯ ಮಾದರಿಯನ್ನು ಬಾಗಿಲ ಮೇಲೆ ಅಂಟಿಸಿ ರಸ್ತೆಯ ಆಚೆ ಬದಿಯಿಂದ ನೋಡಿದ ಮೇಲೆ, ಕೈಚೀಲದ ಮೇಲೂ ಹೀಗೇ ಬರಲಿ ಎಂದರು. ಬಟ್ಟೆಗಳ ಬೆಲೆಚೀಟಿಗಳು ಇನ್ನೂ ಇಂಗ್ಲಿಷಿನಲ್ಲೇ ಇವೆ. ಮುಂದಿನ ಮುದ್ರಣಕ್ಕೆ ಅವನ್ನೂ ಬದಲಿಸಲು ಒಪ್ಪಿದ್ದಾರೆ.