ದೋಣಿ ಆಮೇಲೆ, ಮೊದಲು ಕಣದಲ್ಲಿ ಕುಕ್ಕರಗಾಲು

ಗೊರೂರಿನ ಹೇಮಾವತಿ ಹಿನ್ನೀರು ನೋಡಿದಾಗಲೆಲ್ಲ ನನಗೆ ದೋಣಿಯದ್ದೇ ಆಸೆ. ವಾಟರ್ ಸ್ಕೀಯಿಂಗ್ ಎಂದರೆ ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆ ಕಟ್ಟಿಕೊಂಡು, ದೋಣಿ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ. ಅದರ ಹುಚ್ಚು ಹಿಡಿದ ಮೇಲೂ ಮೊದಲು ವಿಚಾರಿಸಿದ್ದು ದೋಣಿಯ ಬೆಲೆಯನ್ನೇ. ಅದು ತಲೆಕೆಳಗಾದ ಲೆಕ್ಕ. ಮೊದಲ ಪಾಠಕ್ಕೆ ದೋಣಿಯೂ ಬೇಡ, ನೀರೂ ಬೇಡ. ಕಾಫಿ ಒಣಗಿಸುವ ಕಣ ಸಾಕು.

ಕಣದಲ್ಲಿ ಕುಕ್ಕರಗಾಲಿನಲ್ಲಿ ಕೂರಿ. ಮಂಡಿ ಎದೆಯ ಹತ್ತಿರ ಬರಲಿ. ಹಗ್ಗದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೈ ನೇರವಾಗಿ ಚಾಚಿ. ಆ ತುದಿಯಿಂದ ಒಬ್ಬರು ಮೆಲ್ಲಗೆ ಎಳೆಯಲಿ. ಜೀಪಿಗೆ ಮಾತ್ರ ಕಟ್ಟಬೇಡಿ! ನನ್ನನ್ನು ಎಳೆದವರು ಭಾವ. ‘ನೀನ್ಯಾಕೋ ಹಗ್ಗ ಎಳೀತೀಯ? ಎಳೆಯೋದು ನನ್ ಕೆಲಸ, ನೀನು ಸುಮ್ನೆ ಕೂತ್ಕೋ’ ಎಂದು ಹತ್ತು ಸಲ ಬೈದರು. ಇಡೀ ವಿದ್ಯೆ ಆ ಬೈಗುಳದಲ್ಲೇ ಇದೆ. ಕೈ ಮಡಚಿ ಹಗ್ಗವನ್ನು ಎದೆಗೆಳೆದುಕೊಂಡರೆ ಹಿಂದಕ್ಕೆ ಬೀಳುತ್ತೀರಿ. ಅವಸರಪಟ್ಟು ಎದ್ದರೆ ಮುಂದಕ್ಕೆ ಮುಗ್ಗರಿಸುತ್ತೀರಿ. ಎಳೆತವೇ ಎಬ್ಬಿಸುವವರೆಗೆ ಕಾಯಬೇಕು.

ನೀರಿನಲ್ಲೂ ಇದೇ ಭಂಗಿ. ಲೈಫ್ ಜಾಕೆಟ್ ಬಿಗಿಯಾಗಿರಲಿ. ಹಿಂದಕ್ಕೆ ಒರಗಿ ತೇಲುತ್ತಾ ಎರಡೂ ಸ್ಕೀಗಳ ತುದಿಯನ್ನು ನೀರಿನಿಂದ ಮೇಲಿಡಿ, ಹಗ್ಗ ಅವುಗಳ ನಡುವೆ ಬರಲಿ. 1922ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹುಡುಗ ಈ ಆಟ ಶುರುಮಾಡಿದ. ಎಷ್ಟೋ ಸಲ ಬಿದ್ದ ಅವನೂ ಕೊನೆಗೆ ಎದ್ದು ನಿಂತದ್ದು ಹೀಗೆ ಒರಗಿ ತುದಿ ಎತ್ತಿದಾಗಲೇ. ಕಲಿಯುವ ದೊಡ್ಡವರಿಗೆ ಗಂಟೆಗೆ 30ರಿಂದ 35 ಕಿ.ಮೀ. ವೇಗ ಸಾಕು, ಮಕ್ಕಳಿಗೆ ಇನ್ನೂ ಕಡಿಮೆ. ಹಗ್ಗ ಸುಮಾರು 23 ಮೀಟರ್, ಇದಕ್ಕೆಂದೇ ಮಾಡಿದ ತೇಲುವ ಹಗ್ಗವೇ ಆಗಬೇಕು. ಮನೆಯಲ್ಲಿರುವ ನೈಲಾನ್ ಹಗ್ಗ ಜಾಸ್ತಿ ಹಿಗ್ಗುತ್ತದೆ, ತುಂಡಾದರೆ ಚಾಟಿಯಂತೆ ಹೊಡೆಯುತ್ತದೆ.

ದೋಣಿಯಲ್ಲಿ ಇಬ್ಬರಿರಬೇಕು. ಓಡಿಸುವವರ ಕಣ್ಣು ಮುಂದೆ, ಇನ್ನೊಬ್ಬರ ಕಣ್ಣು ನಿಮ್ಮ ಮೇಲೆ. ಮಾತು ಕೇಳಿಸುವುದಿಲ್ಲ, ಸನ್ನೆಯೇ ಗತಿ. ಹೆಬ್ಬೆರಳು ಮೇಲೆತ್ತಿದರೆ ವೇಗ ಹೆಚ್ಚಿಸಿ, ಕೆಳಗೆ ಮಾಡಿದರೆ ಕಡಿಮೆ ಮಾಡಿ, ತಲೆ ತಟ್ಟಿಕೊಂಡರೆ ದಡಕ್ಕೆ ಹೋಗೋಣ ಎಂದರ್ಥ. ಬಿದ್ದ ಮೇಲೆ ಎರಡೂ ಕೈಯನ್ನು ತಲೆಯ ಮೇಲೆ ಜೋಡಿಸಿ ತೋರಿಸಿ, ‘ಏನೂ ಆಗಿಲ್ಲ’ ಎಂದು. ನೀವು ದೋಣಿ ಹತ್ತುವ ಮೊದಲು ಎಂಜಿನ್ ಆಫ್ ಆಗಿರಲೇಬೇಕು.

ನೀರಿನ ಭಯವಿದ್ದರೆ ಬೇಲೂರಿನ ಹತ್ತಿರ ಯಗಚಿ ಹಿನ್ನೀರಿನ ಜಲಕ್ರೀಡಾ ಕೇಂದ್ರದಲ್ಲಿ ಬನಾನಾ ಬೋಟ್ (ಮೋಟಾರ್ ದೋಣಿ ಎಳೆದೊಯ್ಯುವ, ಗಾಳಿ ತುಂಬಿದ ಬಾಳೆಹಣ್ಣಿನಾಕಾರದ ದೋಣಿ) ಹತ್ತಿ ಒಂದೆರಡು ಸಲ ಬಿದ್ದು ಬನ್ನಿ. ಮೋಟಾರ್ ದೋಣಿ ಓಡಿಸುವುದನ್ನು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಕಲಿಸುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಮೊದಲು ಅಲ್ಲಿ ಮಾಡಿ.

ಇನ್ನು ಅನುಮತಿ. ಹೇಮಾವತಿ, ಯಗಚಿ ಜಲಾಶಯಗಳೆರಡೂ ಕಾವೇರಿ ನೀರಾವರಿ ನಿಗಮದವು. ಲಿಖಿತ ಒಪ್ಪಿಗೆ ಸಿಗದೆ ದೋಣಿಗೆ ಅಡ್ವಾನ್ಸ್ ಕೊಡಬೇಡಿ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ನೋಂದಣಿ, ತಪಾಸಣೆ, ವಿಮೆಯ ವಿಚಾರವನ್ನೂ ಮೊದಲೇ ಕೇಳಿಕೊಳ್ಳಿ. ಭದ್ರಾ ಹಿನ್ನೀರಿನ ಆಸೆ ಬಿಟ್ಟುಬಿಡಿ, ಪಕ್ಕದಲ್ಲೇ ಹುಲಿ ಕಾಡಿದೆ.

ನಮ್ಮ ಜಲಾಶಯಗಳ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಹೇಮಾವತಿ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಆಗ ಶೆಟ್ಟಿಹಳ್ಳಿಯ ಹಳೇ ಚರ್ಚು ನೀರಲ್ಲಿ ನಿಂತಿರುತ್ತದೆ. ಬೇಸಿಗೆಯಲ್ಲಿ ಅದರ ಹತ್ತಿರಕ್ಕೇ ನಡೆದು ಹೋಗಬಹುದು. ಮಳೆಗಾಲ ಕಳೆದಾಗ ನೀವು ಸಲೀಸಾಗಿ ಜಾರಿದ ಜಾಗದಲ್ಲೇ ನಾಲ್ಕು ತಿಂಗಳ ನಂತರ ಮರದ ಬುಡವೋ ಮುಳುಗಿದ ಗೋಡೆಯೋ ಗೇಣುದ್ದ ಕೆಳಗೆ ಕಾದಿರಬಹುದು. ಅದಕ್ಕೇ ನಾವು ಏಪ್ರಿಲ್‌ನಲ್ಲಿ ಆ ಒಣ ನೆಲದ ಮೇಲೆ ನಡೆದು, ಕಂಡ ಬುಡಗಳನ್ನೆಲ್ಲ ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಕೊಂಡೆವು. ಆಡಲು ಅಕ್ಟೋಬರ್, ನವೆಂಬರ್ ಚೆನ್ನ. ಮಳೆ ತಗ್ಗಿರುತ್ತದೆ, ನೀರು ಇನ್ನೂ ಇರುತ್ತದೆ, ಕಾಫಿ ಕೊಯ್ಲಿನ ಗಡಿಬಿಡಿಯೂ ಇನ್ನೂ ಜೋರಾಗಿರುವುದಿಲ್ಲ.

ಇಷ್ಟಾದ ಮೇಲೆ ದೋಣಿ. ಅಸಲಿ ಸ್ಕೀ ಬೋಟಿನಲ್ಲಿ ಎಂಜಿನ್ ನಡುವೆ ಇರುತ್ತದೆ, ಹಿಂದೆ ಏಳುವ ಅಲೆ ಕಡಿಮೆ. ಚೆನ್ನಾಗಿದೆ ನಿಜ, ಕೆಟ್ಟರೆ ರಿಪೇರಿ ಮಾಡುವವರು ಯಾರು? ಮೊದಲ ದೋಣಿಗೆ 16–18 ಅಡಿಯ ಫೈಬರ್ ದೋಣಿ, ಹಿಂದೆ 60ರಿಂದ 90 ಎಚ್‌ಪಿಯ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್, ಸಾಕು. ಕರಾವಳಿಯ ಮೀನುಗಾರರು ಬಳಸುವುದೂ ಔಟ್‌ಬೋರ್ಡನ್ನೇ. ಹಾಗಾಗಿ ಘಟ್ಟ ಇಳಿದರೆ ಮೆಕ್ಯಾನಿಕ್ ಸಿಗುತ್ತಾರೆ. ಸೆಕೆಂಡ್ ಹ್ಯಾಂಡ್ ಆದರೆ ಎಂಜಿನ್ ಕೂರಿಸಿದ ಹಿಂಬದಿಯ ಹಲಗೆಯನ್ನು ಬೆರಳಿನಿಂದ ತಟ್ಟಿ. ಟಣ್ ಎನ್ನದೆ ಮಂಕಾಗಿ ಸದ್ದು ಬಂದರೆ, ಎಂಜಿನ್ ಹಿಡಿದು ಅಲ್ಲಾಡಿಸಿದಾಗ ಹಲಗೆ ಬಾಗಿದರೆ, ಒಳಗಿನ ಮರ ಕೊಳೆತಿರಬಹುದು. ಬಣ್ಣಕ್ಕೆ ಮರುಳಾಗಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ನಮ್ಮ ಮಳೆಗಾಲದ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ನೀರಿಗಿಳಿಸಿದ ಮೊದಲ ದಿನ ನಮ್ಮ ದೋಣಿ ಹತ್ತೇ ನಿಮಿಷಕ್ಕೆ ಭಾರವಾಯಿತು. ಕೆಳಗೆ ನೋಡಿದರೆ ಭಾವನ ಚಪ್ಪಲಿ ತೇಲುತ್ತಿದೆ. ನೀರು ಬಸಿಯುವ ತೂತಿಗೆ ಬಿರಡೆ ಹಾಕಿರಲಿಲ್ಲ, ಅದು ಜೀಪಿನಲ್ಲೇ ಇತ್ತು. ಈಗ ಟ್ರೇಲರಿನಿಂದ ದೋಣಿ ಇಳಿಸುವ ಮುಂಚೆ ಭಾವ ಕೇಳುವುದು ಒಂದೇ ಮಾತು: ‘ಬಿರಡೆ ಎಲ್ಲೋ?’