ಕಪ್ಪುತಲೆ ಹುಳಕ್ಕೆ ಗೋನಿಯೋಜಸ್: ಬಿಡುವ ಮುಂಚೆ ಎಲೆ ಮಗುಚಿ ನೋಡಿ

ತೆಂಗಿನ ಕೆಳಗರಿಗಳು ಬೆಂಕಿ ತಾಗಿದ ಹಾಗೆ ಒಣಗಿದರೆ ನೀರು ಸಾಲದೆಂದು ತೀರ್ಮಾನಿಸುವ ಮುಂಚೆ ಒಂದು ಗರಿ ಇಳಿಸಿ ಎಲೆ ಮಗುಚಿ ನೋಡಬೇಕು. ಎಲೆಯಡಿ ಹಿಕ್ಕೆಗೆ ನೂಲು ಸೇರಿಸಿ ಕಟ್ಟಿದ ಕಂದು ಗೂಡು ಕಂಡರೆ ಅದು ಕಪ್ಪುತಲೆ ಹುಳು. ಗೂಡಿನೊಳಗೇ ಕೂತು ಹಸಿರನ್ನು ಕೆರೆದು ತಿಂದು, ಮೇಲ್ಪೊರೆಯನ್ನಷ್ಟೇ ಉಳಿಸುತ್ತದೆ. ಔಷಧಿ ಹೊಡೆದರೆ ಗೂಡಿನೊಳಗಿನ ಹುಳಕ್ಕೆ ತಲುಪುವುದು ಕಷ್ಟ, ಹೊರಗೆ ಓಡಾಡುವ ಅದರ ಶತ್ರುಗಳು ಮಾತ್ರ ಮೊದಲು ಸಾಯುತ್ತವೆ.

ಆ ಶತ್ರುಗಳಲ್ಲಿ ಒಂದು ಗೋನಿಯೋಜಸ್, ಇರುವೆಯಂತೆ ಕಾಣುವ ಪುಟ್ಟ ಕಪ್ಪು ಕಣಜ. ಹೆಣ್ಣು ಹಿಕ್ಕೆಯ ವಾಸನೆ ಹಿಡಿದು ಗೂಡಿನೊಳಗೆ ನುಗ್ಗಿ, ಹುಳವನ್ನು ಕುಟುಕಿ ಅಲುಗದಂತೆ ಮಾಡಿ, ಮೈಮೇಲೆ ಸಾಲಾಗಿ ಮೊಟ್ಟೆ ಇಡುತ್ತದೆ. ಮರಿಗಳು ಹುಳದ ರಸ ಹೀರಿ ಬೆಳೆಯುವಷ್ಟು ದಿನವೂ ತಾಯಿ ಪಕ್ಕದಲ್ಲೇ ಕಾವಲಿರುತ್ತದೆ. ಬೇರೆ ಹುಳದ ಮೇಲೆ ಮೊಟ್ಟೆ ಇಡುವ ಇಂಥ ಕಣಜಗಳಲ್ಲಿ ಈ ಗುಣ ಅಪರೂಪ. ಗೂಡು ಬಿಡಿಸಿದಾಗ ಸುಕ್ಕಿದ ಹುಳದ ಬಳಿ ಕೂತ ತಾಯಿ ಸಿಕ್ಕರೆ ಆ ಎಲೆಯನ್ನು ಮರಕ್ಕೇ ಕಟ್ಟಿ ಬಿಡುತ್ತೇನೆ.

ಪ್ರಯೋಗಾಲಯದಲ್ಲಿ ಬೆಳೆಸಿದ ಈ ಕಣಜವನ್ನು ತಂದು ತೋಟಕ್ಕೆ ಬಿಡುವಾಗ ತುಂಬಾ ಜನ ಸೋಲುವುದು ಲೆಕ್ಕದಲ್ಲಲ್ಲ, ಹೊತ್ತಿನಲ್ಲಿ. ನಮ್ಮ ಬಯಲುಸೀಮೆಯ ತೋಟಗಳಲ್ಲಿ ಈ ಹುಳದ ತಲೆಮಾರುಗಳು ಸಾಮಾನ್ಯವಾಗಿ ಒಂದಕ್ಕೊಂದು ಬೆರೆಯುವುದಿಲ್ಲ. ಒಂದು ಕಾಲಕ್ಕೆ ಎಲ್ಲವೂ ಮರಿ, ಇನ್ನೊಂದು ಕಾಲಕ್ಕೆ ಎಲ್ಲವೂ ಕೋಶ, ಆಮೇಲೆ ಎಲ್ಲವೂ ಬೂದು ಚಿಟ್ಟೆ. ಗೋನಿಯೋಜಸ್‌ಗೆ ಬೇಕಾದದ್ದು ಬಲಿತ ಹುಳು. ಕೋಶದ ಹಂತದಲ್ಲಿ ಬಿಟ್ಟರೆ ಮೊಟ್ಟೆ ಇಡಲು ಹುಳು ಸಿಗದೆ ಕಣಜಗಳು ಸಾಯುತ್ತವೆ. ಅದಕ್ಕೇ ಎಕರೆಗೆ ಐದಾರು ಮರ ಆರಿಸಿ, ಮರಕ್ಕೊಂದು ಗರಿಯಿಂದ ಹತ್ತು ಎಲೆ ಕಿತ್ತು ಗೂಡು ಬಿಡಿಸಿ ಎಣಿಸುತ್ತೇನೆ. ಹೆಚ್ಚಿನವು ಅಕ್ಕಿಕಾಳಿನ ಉದ್ದ ದಾಟಿದ್ದರೆ ಸರಿಯಾದ ಹೊತ್ತು. ಇನ್ನೂ ಸಣ್ಣವಿದ್ದರೆ ವಾರ ಕಾದು ಮತ್ತೆ ಎಣಿಸಬೇಕು.

ಬಿಡುವ ಮುಂಚೆಯೇ ಪೂರ್ತಿ ಒಣಗಿದ ಎರಡು ಮೂರು ಕೆಳಗರಿ ಕಡಿದು ಸುಡಬೇಕು. ಬಿಟ್ಟ ಮೇಲೆ ಕಡಿದರೆ ಕಣಜದ ಮರಿಗಳನ್ನೇ ಸುಟ್ಟಂತೆ.

ಮರಕ್ಕೆ 20 ಕಣಜದಂತೆ, 60 ಮರದ ಎಕರೆಗೆ ಒಂದು ಸಲಕ್ಕೆ 1200 ಬೇಕು. ಹದಿನೈದು ದಿನಕ್ಕೊಮ್ಮೆ, ಬಲಿತ ಹುಳು ಸಿಗುವಷ್ಟು ಕಾಲ. ಪ್ರಯೋಗಾಲಯದಲ್ಲಿ ಇವು ಹೆಚ್ಚಾಗಿ ಅಕ್ಕಿ ಚಿಟ್ಟೆಯ ಹುಳದ ಮೇಲೆ ಬೆಳೆದಿರುತ್ತವೆ, ತೆಂಗಿನ ಹುಳದ ವಾಸನೆ ಗೊತ್ತಿರುವುದಿಲ್ಲ. ಹಾಗಾಗಿ ತಂದ ದಿನವೇ ಬಿಡಬಾರದು. ಎರಡು ಮೂರು ದಿನ ನೆರಳಿನಲ್ಲಿಟ್ಟು, ಕಣಜವಿರುವ ಪ್ರತಿ ಕೊಳವೆಗೂ ಕಪ್ಪುತಲೆ ಹುಳದ ಹಸಿ ಹಿಕ್ಕೆಯಿರುವ ಎಲೆಚೂರು ಹಾಕಬೇಕು. ಆಹಾರಕ್ಕೆ ಅರ್ಧಕ್ಕರ್ಧ ನೀರು ಬೆರೆಸಿದ ಜೇನು. ಅದನ್ನು ಕಾಗದದ ಪಟ್ಟಿಯ ಮೇಲೆ ಕಡ್ಡಿಯಿಂದ ತೆಳ್ಳಗೆ ಗೀರಬೇಕು, ಹನಿ ನಿಂತರೆ ಕಣಜ ಅಂಟಿಕೊಂಡು ಸಾಯುತ್ತದೆ.

ಬಿಡುವುದು ಬಿಸಿಲಿಳಿದ ಮೇಲೆ, ಮಳೆ ಮೋಡವಿಲ್ಲದ ದಿನ. ಕಾಂಡದ ಬುಡದಲ್ಲಿ ಬಿಟ್ಟರೂ ಹತ್ತಿ ಹೋಗುತ್ತವೆ, ಆದರೆ ಕಾಂಡದಲ್ಲಿ ಇರುವೆ ಸಾಲಿದ್ದರೆ ದಾರಿಯಲ್ಲೇ ಮುಗಿಯಿತು. ಅಂಥ ಮರಕ್ಕೆ ದೋಟಿಯ ತುದಿಗೆ ಕೊಳವೆ ಕಟ್ಟಿ ಕೆಳಗರಿಗೆ ತಾಗಿಸಿ ಬಿಡುತ್ತೇನೆ. ಹತ್ತು ಹನ್ನೆರಡು ದಿನಕ್ಕೆ ಅದೇ ಮರಗಳ ಗೂಡು ಬಿಡಿಸಿದಾಗ ಹುಳದ ಒಣಸಿಪ್ಪೆಯ ಪಕ್ಕ ಗುಂಪಾಗಿ ಸಣ್ಣ ರೇಷ್ಮೆಗೂಡುಗಳು ಕಂಡರೆ ಕಣಜ ನೆಲೆನಿಂತಿದೆ.

ತೋಟ ಕೂಡಲೇ ಹಸಿರಾಗುವುದಿಲ್ಲ. ತೆಂಗು ತಿಂಗಳಿಗೆ ಹೆಚ್ಚುಕಡಿಮೆ ಒಂದೇ ಗರಿ ಬಿಡುತ್ತದೆ, ತಿಂದ ಎಲೆ ಮತ್ತೆ ಚಿಗುರುವುದಿಲ್ಲ. ಹುಳು ಪೂರ್ತಿ ಹೋದ ಮೇಲೂ ವರ್ಷದವರೆಗೆ ಮರ ಸುಟ್ಟಂತೆಯೇ ಕಾಣಬಹುದು. ಅದನ್ನು ನೋಡಿ ಗಾಬರಿಯಾಗಿ ಔಷಧಿ ಹೊಡೆಯಬೇಡಿ. ಮೇಲಿನ ಹೊಸ ಗರಿಗಳ ಎಲೆ ಮಗುಚಿ, ಗೂಡಿನಲ್ಲಿ ಜೀವಂತ ಹುಳು ಎಷ್ಟಿದೆಯೆಂದು ಎಣಿಸಿ.