ಮನಸ್ಸಿಗಿಂತ ಮೊದಲು ಕನ್ನಡಕ: ಜೈಲಿನಲ್ಲಿ ದೃಶ್ಯ ಗ್ರಹಿಕೆ ಅಳೆಯುವ ಕೆಲಸ

ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಇರುವವರಲ್ಲಿ ಮಸುಕಾದ ಪಟ್ಟೆ, ಚದುರಿದ ಗೆರೆಗಳ ನಡುವೆ ಅಡಗಿದ ಆಕಾರ, ಎದುರಿಗಿರುವವರ ಮುಖಭಾವ ಇವನ್ನು ಗುರುತಿಸುವ ಶಕ್ತಿ ಕುಗ್ಗಿರುತ್ತದೆ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಅದೇ ಪರೀಕ್ಷೆಗಳನ್ನು ಮೈಸೂರು, ಮಂಡ್ಯ ಕಡೆಯ ವಿಚಾರಣಾಧೀನ ಕೈದಿಗಳ ಜೊತೆ ಮಾಡುವಾಗ ಒಂದು ಮಾತು ನೆನಪಿಟ್ಟುಕೊಳ್ಳುತ್ತೇನೆ: ಕಡಿಮೆ ಅಂಕ ಬಂದ ಕೂಡಲೇ ಅದು ರೋಗದ ಗುರುತಲ್ಲ. ಒಡೆದ ಕನ್ನಡಕ, ಬೆಳಿಗ್ಗೆ ನುಂಗಿದ ಮಾತ್ರೆ, ಲ್ಯಾಪ್‌ಟಾಪಿನ ಪರದೆ, ನಾವು ಬಳಸಿದ ಕನ್ನಡ ಪದ, ಇವು ನಾಲ್ಕನ್ನೂ ಬದಿಗೆ ಸರಿಸಿದ ಮೇಲೆ ಉಳಿದದ್ದು ಮಾತ್ರ ಮನಸ್ಸಿನ ಲೆಕ್ಕಕ್ಕೆ.

ಕಣ್ಣಿನಿಂದ ಶುರು ಮಾಡುತ್ತೇನೆ. ಓದು ಬಾರದವರಿಗೆ ಅಕ್ಷರದ ಚಾರ್ಟ್ ಉಪಯೋಗವಿಲ್ಲ, ನಾಲ್ಕು ದಿಕ್ಕಿಗೆ ತಿರುಗಿದ ಇಂಗ್ಲಿಷಿನ 'E' ಚಾರ್ಟ್ ಬೇಕು. ಎಡ, ಬಲ ಎಂದು ಬಾಯಲ್ಲಿ ಹೇಳಿಸಬಾರದು, ಗೊತ್ತಿದ್ದವರೂ ತಡಬಡಾಯಿಸುತ್ತಾರೆ. 'ಮೂರು ಬೆರಳನ್ನ ಅದು ಹೆಂಗೈತೋ ಹಂಗೇ ಹಿಡೀರಿ ಯಜಮಾನ್ರೇ' ಎಂದರೆ ಸಾಕು. ಒಂದೊಂದು ಕಣ್ಣನ್ನು ಬೇರೆಯಾಗಿ, 6 ಮೀಟರಿನಲ್ಲಿ ಒಮ್ಮೆ, ಪರದೆ ಇರುವ ದೂರದಲ್ಲಿ ಇನ್ನೊಮ್ಮೆ ನೋಡುತ್ತೇನೆ. ಈ ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಲವತ್ತು ದಾಟಿದವರಿಗೆ ದೂರದ್ದು ಚೆನ್ನಾಗಿಯೇ ಕಾಣುತ್ತದೆ, ಪರದೆ ಮಾತ್ರ ಮಂಜು. ಪೇಪರ್ ಓದುವ ಕನ್ನಡಕ ಹಾಕಿಸಿದರೂ ಸರಿಹೋಗುವುದಿಲ್ಲ, ಏಕೆಂದರೆ ಅದು ಸುಮಾರು 40 ಸೆಂ.ಮೀ. ದೂರಕ್ಕೆ ಮಾಡಿದ್ದು. ನನ್ನ ಪರದೆ ಇರುವುದು 57 ಸೆಂ.ಮೀ.ನಲ್ಲಿ. ಆ ದೂರಕ್ಕೆ ಹೆಚ್ಚೆಂದರೆ ಪ್ಲಸ್ 1.75 ಪವರ್ ಬೇಕು. ಹಾಗಾಗಿ ಪ್ಲಸ್ 1, 1.5, 1.75 ಪವರಿನ ಪ್ಲಾಸ್ಟಿಕ್ ಫ್ರೇಮಿನ ಸಿದ್ಧ ಕನ್ನಡಕಗಳು ಯಾವಾಗಲೂ ಚೀಲದಲ್ಲಿರುತ್ತವೆ.

ಮಾತ್ರೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಮನೋರೋಗದ ಮಾತ್ರೆಗಳಿಂದ ಕೈ ನಡುಕ, ಮೈ ಬಿಗಿತ ಬಾರದಿರಲೆಂದು ಜೊತೆಗೆ ಟ್ರೈಹೆಕ್ಸಿಫೆನಿಡಿಲ್ ಕೊಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ಅದು ಪಾಪೆಯನ್ನು ಹಿಗ್ಗಿಸುತ್ತದೆ, ಹತ್ತಿರದ್ದನ್ನು ಮಸುಕು ಮಾಡುತ್ತದೆ. ಮೂವತ್ತರ ಹುಡುಗನಿಗೂ ಪರದೆಯ ಗೆರೆ ಕಲಸಿಹೋಗಲು ಅಷ್ಟು ಸಾಕು. ಪ್ರತಿ ಹಾಳೆಯ ಮೇಲೆ ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಬಾರಿ ನುಂಗಿದ ಗಂಟೆ ಬರೆಯುತ್ತೇನೆ. ಪರೀಕ್ಷೆಗಾಗಿ ಮಾತ್ರೆ ನಿಲ್ಲಿಸಿ ಎಂದು ಯಾರಿಗೂ ಹೇಳುವುದಿಲ್ಲ, ಅದು ವೈದ್ಯರ ಕೆಲಸ. ಎಲ್ಲರನ್ನೂ ಮಾತ್ರೆ ನುಂಗಿ ಅಷ್ಟೇ ಗಂಟೆ ಕಳೆದ ಮೇಲೆ ಕೂರಿಸುವುದಷ್ಟೇ ನನ್ನ ಕೈಯಲ್ಲಿರುವುದು.

ಜೈಲಿಗೆ ಹೊಸದಾಗಿ ಬಂದವರು ಎರಡನೇ, ಮೂರನೇ ದಿನ ಗೋಡೆ ಮೇಲೆ ಹುಳ ಹರಿಯುತ್ತಿದೆ ಎಂದರೆ ಅಲ್ಲಿ ಗ್ರಹಿಕೆಯ ಪರೀಕ್ಷೆಗೆ ಜಾಗವೇ ಇಲ್ಲ. ದಿನವೂ ಕುಡಿಯುತ್ತಿದ್ದವರಿಗೆ ಕುಡಿತ ಥಟ್ಟನೆ ನಿಂತಾಗ ಹೆಚ್ಚಾಗಿ 48ರಿಂದ 72 ಗಂಟೆಯೊಳಗೆ ಬರುವ ಸನ್ನಿ ಅದು. ಜೀವಕ್ಕೇ ಅಪಾಯ. ಕೂಡಲೇ ಜೈಲಿನ ವೈದ್ಯರಿಗೆ ತಿಳಿಸಬೇಕು. ಬರೀ ಕಣ್ಣಿಗೆ ಕಾಣುವ ಭ್ರಮೆಯಿದ್ದು ಕಿವಿಗೆ ಏನೂ ಕೇಳಿಸುತ್ತಿಲ್ಲ ಎನ್ನುವವರಲ್ಲೆಲ್ಲ ಮೊದಲು ಹುಡುಕಬೇಕಾದದ್ದು ದೇಹದ ಕಾರಣವನ್ನೇ.

ಇನ್ನು ಪರದೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಆಧಾರಿತ ಸೈಕೋಪೈ ಎಂಬ ಉಚಿತ ತಂತ್ರಾಂಶ ಸಾಕು. ಯಂತ್ರ ಐಪಿಎಸ್ ಪರದೆಯದ್ದಾಗಿರಲಿ, ಅದರಲ್ಲಿ ಓರೆಯಾಗಿ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಅಗ್ಗದ ಟಿಎನ್ ಪರದೆಯಲ್ಲಿ ತಲೆ ನಾಲ್ಕು ಬೆರಳು ಮೇಲೆ ಕೆಳಗೆ ಆದರೂ ಬೂದುಬಣ್ಣ ಬದಲಾಗುತ್ತದೆ. ತಾನಾಗಿ ಬೆಳಕು ಹೊಂದಿಸುವ ಸೆಟ್ಟಿಂಗ್, ರಾತ್ರಿಯ ಹಳದಿ ಬೆಳಕು ಎರಡನ್ನೂ ಆರಿಸಬೇಕು. ಕರೆಂಟ್ ಹೋಗಿ ಬ್ಯಾಟರಿಗೆ ಬಿದ್ದಾಗ ಪರದೆ ಮಂಕಾಗುವುದನ್ನೂ ತಡೆದಿಡಬೇಕು, ಇಲ್ಲದಿದ್ದರೆ ಅರ್ಧ ಪರೀಕ್ಷೆ ಒಂದು ಬೆಳಕಿನಲ್ಲಿ, ಅರ್ಧ ಇನ್ನೊಂದರಲ್ಲಿ ಆಗುತ್ತದೆ. ಯಂತ್ರ ಹಚ್ಚಿ ಅರ್ಧ ಗಂಟೆ ಬಿಟ್ಟೇ ಶುರು ಮಾಡುವುದು.

ಗಾಮಾ (ಯಂತ್ರ ಕೊಟ್ಟ ಅಂಕಿಗೂ ಪರದೆ ಸೂಸುವ ಬೆಳಕಿಗೂ ಇರುವ ನೇರವಲ್ಲದ ಸಂಬಂಧ) ಸರಿಪಡಿಸದೆ ಕಾಂಟ್ರಾಸ್ಟ್ (ಪಟ್ಟೆಯ ಕಪ್ಪು ಬಿಳುಪಿನ ಅಂತರ) ಅಳೆಯುವುದು ಸವೆದ ತೂಕದ ಕಲ್ಲಿಟ್ಟು ಬೆಲ್ಲ ತೂಗಿದ ಹಾಗೆ. ಬೆಳಕಿನ ಮೀಟರ್ ಇಲ್ಲದಿದ್ದರೂ ಒಂದು ಒರಟು ತಪಾಸಣೆ ಸಾಧ್ಯ: ಪರದೆಯ ಅರ್ಧಕ್ಕೆ ಒಂದೊಂದು ಪಿಕ್ಸೆಲ್ ದಪ್ಪದ ಕಪ್ಪು ಬಿಳಿ ಅಡ್ಡಗೆರೆ, ಉಳಿದರ್ಧಕ್ಕೆ ಒಂದೇ ಬೂದುಬಣ್ಣ ಹಾಕಿ, ದೂರ ನಿಂತು ಎರಡೂ ಒಂದೇ ಆಗಿ ಕಾಣುವವರೆಗೆ ಬೂದುಬಣ್ಣವನ್ನು ಬದಲಿಸಬೇಕು. ಪರದೆಯ ಗಾಮಾ 2.2 ಇದ್ದರೆ 255ರಲ್ಲಿ ಸುಮಾರು 186ಕ್ಕೆ ಹೊಂದುತ್ತದೆ, 128ಕ್ಕಲ್ಲ. ಇನ್ನೊಂದು ತೊಡಕು: 256 ಮಟ್ಟಗಳ ಪರದೆ ತೋರಿಸಬಲ್ಲ ಅತಿ ಕಡಿಮೆ ಕಾಂಟ್ರಾಸ್ಟ್ ಹತ್ತಿರ ಹತ್ತಿರ ಶೇ. 0.8. ಒಳ್ಳೆಯ ಕಣ್ಣು ಅದಕ್ಕಿಂತ ಕಡಿಮೆಯನ್ನೂ ಕಾಣುತ್ತದೆ. ಹಾಗಾದಾಗ ಆರೋಗ್ಯವಂತರ ಅಂಕವೆಲ್ಲ ತಳದಲ್ಲಿ ಸಿಕ್ಕಿಕೊಂಡು ಗುಂಪುಗಳ ನಡುವಿನ ವ್ಯತ್ಯಾಸವೇ ಸುಳ್ಳಾಗುತ್ತದೆ. ಪಿಕ್ಸೆಲ್‌ಗಳಿಗೆ ಸಣ್ಣ ಗದ್ದಲ ಬೆರೆಸುವ ಡಿದರಿಂಗ್ ಇದಕ್ಕೆ ಪರಿಹಾರ.

57 ಸೆಂ.ಮೀ. ಏಕೆಂದರೆ, ಅಷ್ಟು ದೂರದಲ್ಲಿ ಪರದೆಯ 1 ಸೆಂ.ಮೀ. ಕಣ್ಣಿಗೆ 1 ಡಿಗ್ರಿ. ಗಲ್ಲ ಊರುವ ಕಬ್ಬಿಣದ ಸ್ಟ್ಯಾಂಡನ್ನು ಜೈಲಿನೊಳಗೆ ಬಿಡುವುದಿಲ್ಲ. ಪರದೆಯ ಅಂಚಿಗೆ ಕಟ್ಟಿದ ಬಟ್ಟೆಯ ಟೇಪನ್ನು ಪರೀಕ್ಷೆಯ ಪ್ರತಿ ಕಂತಿಗೆ (ಬ್ಲಾಕಿಗೆ) ಮುಂಚೆ ಕಣ್ಣಂಚಿನವರೆಗೆ ಹಿಡಿದು ನೋಡುತ್ತೇನೆ. ಒಳಗೆ ಹೋದ ಟೇಪು, ಕನ್ನಡಕ, ವೈರು ಎಲ್ಲವನ್ನೂ ಗೇಟಿನ ರಿಜಿಸ್ಟರಿನಲ್ಲಿ ಬರೆಸಿ, ಹೊರಗೆ ಬರುವಾಗ ಎಣಿಸಿ ತರಬೇಕು.

ಕಾಂಟ್ರಾಸ್ಟ್ ಪರೀಕ್ಷೆಗೆ ಪರದೆಯಲ್ಲಿ ಮಸುಕಾದ ಪಟ್ಟೆ ತೋರಿಸಿ, ಮೊದಲು ನಿಂತ ಪಟ್ಟೆಯೋ ಮಲಗಿದ ಪಟ್ಟೆಯೋ ಎಂದು ಕೇಳುತ್ತಿದ್ದೆ. ಎಲ್ಲರಿಗೂ ಥಟ್ಟನೆ ಅರ್ಥವಾಗುವ ಪ್ರಶ್ನೆ, ಆದರೂ ಕೈಬಿಟ್ಟೆ. ಕನ್ನಡಕದಿಂದ ಸರಿಪಡಿಸದ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದ ದೋಷ) ಇದ್ದವರಿಗೆ ಒಂದು ದಿಕ್ಕಿನ ಪಟ್ಟೆ ಮಾತ್ರ ಮಸುಕಾಗುತ್ತದೆ, ಅವರು 'ಕಾಣದಿದ್ದರೆ ಮಲಗಿದ್ದು' ಎಂಬ ಲೆಕ್ಕ ಹಾಕಿಕೊಳ್ಳುತ್ತಾರೆ. ಈಗ ಪಟ್ಟೆಯ ತುಣುಕು ಎಡಕ್ಕೋ ಬಲಕ್ಕೋ ಬರುತ್ತದೆ, ಅವರು ಆ ಕಡೆಯ ಕೈ ಎತ್ತುತ್ತಾರೆ, ಪರದೆ ಕಾಣದ ಜಾಗದಲ್ಲಿ ಕೂತ ಸಹಾಯಕರು ಗುಂಡಿ ಒತ್ತುತ್ತಾರೆ. ಉತ್ತರದ ವೇಗ ಇದರಿಂದ ಸಿಗುವುದಿಲ್ಲ, ಅದು ನನಗೆ ಬೇಕಾಗಿಯೂ ಇಲ್ಲ.

'ಕಾಣ್ತಾ ಇದೆಯಾ' ಎಂದು ಮಾತ್ರ ಎಂದೂ ಕೇಳಬಾರದು. ತಪ್ಪು ಹೇಳಿದರೆ ಕೇಸಿಗೆ ತೊಂದರೆ ಎಂಬ ಹೆದರಿಕೆ ಇರುವವರು ಅರೆಬರೆ ಕಂಡದ್ದನ್ನೂ 'ಗೊತ್ತಾಗ್ಲಿಲ್ಲ ಸಾರ್' ಎನ್ನುತ್ತಾರೆ. ಆಗ ಅಳತೆಗೆ ಸಿಗುವುದು ಅವರ ಎಚ್ಚರಿಕೆ, ದೃಷ್ಟಿಯಲ್ಲ. 'ಕಾಣದಿದ್ರೂ ಪರವಾಗಿಲ್ಲ ಅಣ್ಣಾ, ಅಂದಾಜಲ್ಲಿ ಒಂದು ಕಡೆ ಕೈ ಎತ್ತಿ' ಎನ್ನುವುದೇ ನಿಯಮ. ಸತತ ಎರಡು ಸರಿಯಾದರೆ ಕಾಂಟ್ರಾಸ್ಟ್ ಇಳಿಯುತ್ತದೆ, ಒಂದು ತಪ್ಪಾದರೆ ಏರುತ್ತದೆ. ಈ ಮೆಟ್ಟಿಲು ಕ್ರಮ ಶೇ. 70.7 ಸರಿ ಉತ್ತರ ಬರುವ ಮಟ್ಟದಲ್ಲಿ ನೆಲೆ ನಿಲ್ಲುತ್ತದೆ. ಇಳಿಯುತ್ತಿದ್ದದ್ದು ಏರತೊಡಗುವುದು ಅಥವಾ ಏರುತ್ತಿದ್ದದ್ದು ಇಳಿಯತೊಡಗುವುದೇ ತಿರುವು. ಮೊದಲ ಎರಡು ತಿರುವಿನವರೆಗೆ 0.2 ಲಾಗ್ ಮೆಟ್ಟಿಲು (ಒಂದು ಮೆಟ್ಟಿಲಿಗೆ ಸುಮಾರು 1.6 ಪಟ್ಟು ಬದಲಾವಣೆ), ಆಮೇಲೆ 0.1, ಒಟ್ಟು ಎಂಟು ತಿರುವು, ಕೊನೆಯ ಆರರ ಸರಾಸರಿ. ಹತ್ತಕ್ಕೊಂದು ಸಲ ಕಣ್ಣಿಗೆ ಹೊಡೆಯುವಷ್ಟು ದಟ್ಟವಾದ ಪಟ್ಟೆಯನ್ನೂ ತೂರಿಸುತ್ತೇನೆ. ಅದನ್ನೇ ಐದಕ್ಕೊಂದರಂತೆ ತಪ್ಪಿಸಿದರೆ ಗಮನ ಇಲ್ಲವೆಂದು ಅರ್ಥ, ಆ ಬ್ಲಾಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಡಿಗ್ರಿಗೆ 0.5 ಜೋಡಿಯ (ಒಂದು ಕಪ್ಪು, ಒಂದು ಬಿಳಿ ಗೆರೆ ಸೇರಿ ಒಂದು ಜೋಡಿ) ದಪ್ಪ ಪಟ್ಟೆ, 8 ಜೋಡಿಯ ಸಣ್ಣ ಪಟ್ಟೆ ಎರಡನ್ನೂ ಅಳೆಯುವುದು ಕಣ್ಣಿನ ಲೆಕ್ಕವನ್ನು ಮತ್ತೊಮ್ಮೆ ಪರೀಕ್ಷಿಸುವುದಕ್ಕೆ. ಕನ್ನಡಕ ಬೇಕಾದ ಕಣ್ಣಿನ ದೋಷ ಸಣ್ಣ ಪಟ್ಟೆಯನ್ನು ಕೆಡಿಸುತ್ತದೆ, ದಪ್ಪದ್ದನ್ನು ಹೆಚ್ಚು ಮುಟ್ಟುವುದಿಲ್ಲ. ಸಣ್ಣದರಲ್ಲಿ ಮಾತ್ರ ಸೋತವರನ್ನು ಮತ್ತೆ ಚಾರ್ಟಿನ ಮುಂದೆ ನಿಲ್ಲಿಸುತ್ತೇನೆ.

ರೋಗಿಗಳೇ ಗೆಲ್ಲುವ ಪರೀಕ್ಷೆಯೊಂದಿದೆ, ಅದು ನನಗೆ ಬಹಳ ಮುಖ್ಯ. ದಟ್ಟ ಚಿತ್ತಾರದ ನಡುವೆ ಇಟ್ಟ ತುಣುಕು ನಮಗೆಲ್ಲ ಇರುವುದಕ್ಕಿಂತ ಮಂಕಾಗಿ ಕಾಣುತ್ತದೆ. ದೀರ್ಘಕಾಲದ ಸ್ಕಿಜೋಫ್ರೀನಿಯಾ ಇರುವವರು ಈ ಮೋಸಕ್ಕೆ ಕಡಿಮೆ ಒಳಗಾಗುತ್ತಾರೆ ಎಂದು ಸ್ಟೀವನ್ ಡೇಕಿನ್ ಮತ್ತು ಜೊತೆಗಾರರು 2005ರಲ್ಲಿ ತೋರಿಸಿದರು. ಉಳಿದ ಪರೀಕ್ಷೆಗಳಲ್ಲಿ ಸೋತದ್ದಕ್ಕೆ ಉದಾಸೀನ, ತೂಕಡಿಕೆ ಎಂದು ಕಾರಣ ಹೇಳಬಹುದು. ಇಲ್ಲಿ ಹೆಚ್ಚು ಕರಾರುವಾಕ್ಕಾಗಿರುವುದಕ್ಕೆ ಉದಾಸೀನ ಕಾರಣವಾಗಲಾರದು. ಬೇಕೆಂದೇ ತಪ್ಪು ಹೇಳುವವರನ್ನು ಹಿಡಿಯುವುದೂ ಎರಡು ಆಯ್ಕೆಯ ಪ್ರಶ್ನೆಗಳಲ್ಲೇ: 50ರಲ್ಲಿ ಕಣ್ಣು ಮುಚ್ಚಿ ಹೇಳಿದರೂ 25ರ ಆಸುಪಾಸು ಸರಿಯಾಗಬೇಕು, 18 ಅಥವಾ ಅದಕ್ಕೂ ಕಡಿಮೆ ಬರುವ ಸಾಧ್ಯತೆ ನೂರಕ್ಕೆ ಮೂರು ಮಾತ್ರ. ಆದರೂ ಕೈಗಳ ಅರ್ಥ ಅದಲುಬದಲಾಗಿದೆಯೇ ಎಂದು ನೋಡದೆ ಯಾರ ಮೇಲೂ ನಾಟಕದ ಆರೋಪ ಹೊರಿಸುವುದಿಲ್ಲ.

ಮುಖಭಾವದ ಪರೀಕ್ಷೆಯಲ್ಲಿ ನಮ್ಮ ಭಾಷೆಯೇ ಎಡವಿಸುತ್ತದೆ. ಅನುವಾದದಲ್ಲಿ 'ದುಃಖ' ಎಂದಿರುತ್ತದೆ, ಮಂಡ್ಯದ ಮಾತಿನಲ್ಲಿ ಅದು 'ಬೇಜಾರು'. ಬೇಜಾರಿನಲ್ಲಿ ದುಃಖವೂ ಉಂಟು, ಬೇಸರವೂ ಉಂಟು, ಒಳಗೊಳಗಿನ ಸಿಟ್ಟೂ ಉಂಟು. 'ಗಾಬರಿ'ಯಲ್ಲಿ ಹೆದರಿಕೆ, ಅಚ್ಚರಿ ಎರಡೂ ಇವೆ. ಶಾಂತ ಮುಖವನ್ನು ಸಿಟ್ಟಿನ ಮುಖ ಎಂದು ಓದುವುದು ಹಿಂಸೆಯ ಅಧ್ಯಯನದಲ್ಲಿ ದೊಡ್ಡ ಪ್ರಶ್ನೆ. ಪದ ತಪ್ಪಿದರೆ ಅಲ್ಲಿಯೇ ಹೆಚ್ಚು ಅನ್ಯಾಯವಾಗುತ್ತದೆ. ಪದದ ಬದಲು ಸಂದರ್ಭ ಕೊಡುತ್ತೇನೆ: 'ಗದ್ದೇಲಿ ಹಾವು ಕಂಡೋರ ಮುಖ', 'ಸತ್ತ ಮನೇಲಿ ಕೂತೋರ ಮುಖ', 'ಹಳಸಿದ ಸಾರು ಮೂಸಿದೋರ ಮುಖ'. ಚಿತ್ರಗಳೂ ಹೊರದೇಶದವರದಾಗಿರದೆ ನಮ್ಮ ಕಡೆಯವರದೇ ಆಗಿರಬೇಕು, ಪರಿಚಯವಿಲ್ಲದ ಜನಾಂಗದ ಮುಖಗಳಲ್ಲಿ ಎಲ್ಲರೂ ಹೆಚ್ಚು ತಪ್ಪುತ್ತಾರೆ.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ಹೊಸದಲ್ಲ, 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲಿ ವಿಭಾಗ ಕಟ್ಟಿದವರು. ಹಾಗೆಂದು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಎಂ.ಎ. ವಿದ್ಯಾರ್ಥಿಗಳನ್ನು ಹೋಲಿಕೆಯ ಗುಂಪಾಗಿ ತೆಗೆದುಕೊಳ್ಳುವುದು ತಪ್ಪು. ಅವರು ದಿನವಿಡೀ ಪರದೆ ನೋಡುವವರು. ಹೋಲಿಕೆಗೆ ಅದೇ ಜೈಲಿನ, ಅದೇ ವಯಸ್ಸಿನ, ಅಷ್ಟೇ ಓದಿನ, ಅದೇ ಬ್ಯಾರಕ್ಕಿನಲ್ಲಿ ಅಷ್ಟೇ ನಿದ್ದೆಗೆಟ್ಟ, ಮನೋರೋಗವಿಲ್ಲದ ಕೈದಿಗಳು ಬೇಕು.

ಜೈಲಿನ ಅಧಿಕಾರಿಯ ಅನುಮತಿ ಬೇರೆ, ಕೈದಿಯ ಒಪ್ಪಿಗೆ ಬೇರೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಕೈದಿಗಳನ್ನು ವಿಶೇಷ ರಕ್ಷಣೆ ಬೇಕಾದವರೆಂದು ಎಣಿಸುತ್ತದೆ. ಓದು ಬಾರದವರ ಹೆಬ್ಬೆಟ್ಟಿನ ಜೊತೆ, ನನ್ನ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಸಹಿ ಇರಬೇಕು. ಇದರಿಂದ ಜಾಮೀನು ಸಿಗುವುದಿಲ್ಲ, ಬೇಡವೆಂದರೆ ಶಿಕ್ಷೆಯೂ ಇಲ್ಲ, ಕೇಸಿನ ವಿಷಯ ನನಗೆ ಹೇಳಬೇಡಿ, ಈ ಮೂರನ್ನು ಹೇಳಿ ಅವರ ಬಾಯಲ್ಲೇ ವಾಪಸ್ ಹೇಳಿಸುತ್ತೇನೆ.

ಸಂಶೋಧನೆಗೆ ಕೂತವರ ವರದಿಯನ್ನು ಕೋರ್ಟಿಗೆ ನಾನು ಬರೆಯುವುದಿಲ್ಲ, ಆ ಎರಡು ಪಾತ್ರ ಒಬ್ಬರಲ್ಲಿ ಕೂಡದು. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ (ಹಳೆಯ ಐಪಿಸಿ 84) ಕೇಳುವುದು ಕೃತ್ಯದ ಹೊತ್ತಿನಲ್ಲಿ ಆತನಿಗೆ ಕೃತ್ಯದ ಸ್ವರೂಪವೋ ಅದು ತಪ್ಪೆಂಬುದೋ ತಿಳಿಯುವ ಸ್ಥಿತಿ ಇತ್ತೇ ಎಂದು. ಇವತ್ತಿನ ಕಾಂಟ್ರಾಸ್ಟ್ ಅಂಕಕ್ಕೆ ಅದರ ಉತ್ತರ ಗೊತ್ತಿಲ್ಲ. ವಿಚಾರಣೆ ಎದುರಿಸುವ ಸಾಮರ್ಥ್ಯದ ಪ್ರಶ್ನೆ ಬಿಎನ್ಎಸ್ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 367, 368ರದ್ದು, ಅದಕ್ಕೂ ಇದು ಉತ್ತರವಲ್ಲ.

ಚಾರ್ಟಿನಲ್ಲೇ ಸೋತವರ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಅವರು ಒಪ್ಪಿದರೆ ಅದೇ ದಿನ ಜೈಲಿನ ವೈದ್ಯಾಧಿಕಾರಿಗೆ ಚೀಟಿ ಬರೆಯುತ್ತೇನೆ: ಬಲಗಣ್ಣು ಇಷ್ಟು, ಎಡಗಣ್ಣು ಇಷ್ಟು, ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕನ್ನಡಕ ಬಂದು ಎರಡು ವಾರ ಹಾಕಿ ರೂಢಿಯಾದ ಮೇಲೆ ಅವರನ್ನು ಮತ್ತೆ ಕರೆಸಿ ಮೊದಲಿಂದ ಶುರು ಮಾಡುತ್ತೇನೆ.